ಮನೆ ಬದಲಾವಣೆ ಮತ್ತು ಮನೆಯ ಮೂಕ ಸದಸ್ಯರು

ಮೇ ತಿಂಗಳು ಬಂತೆಂದರೆ ಮುಂಬಯಿಯ ಗಲ್ಲಿಗಲ್ಲಿಗಳಲ್ಲಿ ಟೆಂಪೋಗಳ ಓಡಾಟ ಹೆಚ್ಚುತ್ತದೆ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ಹನ್ನೊಂದು ತಿಂಗಳ ಕರಾರು ತೀರಿರುತ್ತದೆ, ಮಳೆ ಹಿಡಿಯುವ ಮೊದಲು ಸಾಮಾನು ಸಾಗಿಸಿಬಿಡೋಣ ಎಂಬ ಅವಸರ ಎಲ್ಲರಿಗೂ. ಅದೇ ಹೊತ್ತಿಗೆ ಪಶುವೈದ್ಯನಾದ ನನಗೆ ಒಂದು ಬಗೆಯ ಫೋನ್ ಕರೆಗಳೂ ಹೆಚ್ಚುತ್ತವೆ. "ಡಾಕ್ಟ್ರೇ, ಮನೆ ಬದಲಾಯಿಸ್ತಾ ಇದ್ದೀವಿ. ನಮ್ಮ ನಾಯಿನ ಯಾರಾದ್ರೂ ಒಳ್ಳೆಯವರು ಸಾಕ್ಕೊಳ್ತಾರಾ, ಸ್ವಲ್ಪ ನೋಡ್ತೀರಾ?" ಎಂಟು ವರ್ಷ ಮಗುವಿನಂತೆ ಸಾಕಿದ ನಾಯಿಗೆ ಎಂಟು ದಿನದೊಳಗೆ ಬೇರೆ ತಂದೆ-ತಾಯಿ ಹುಡುಕಬೇಕು! ಕೇಳುವವರು ಕಲ್ಲುಮನಸ್ಸಿನವರಲ್ಲ. ಎಷ್ಟೋ ಜನ ಹೇಳುತ್ತ ಹೇಳುತ್ತ ಅತ್ತುಬಿಡುತ್ತಾರೆ.

ಯಾಕೆ ಕೊಡುತ್ತೀರಿ ಎಂದು ಕೇಳಿದರೆ ಉತ್ತರ ಸಾಮಾನ್ಯವಾಗಿ ಮೂರರಲ್ಲಿ ಒಂದು. ಮನೆ ಮಾಲೀಕರು ಒಪ್ಪುವುದಿಲ್ಲ. ಸೊಸೈಟಿಯವರು ಬಿಡುವುದಿಲ್ಲ. ಇಲ್ಲವೇ, ಅಷ್ಟು ದೂರದ ಊರಿಗೆ ಕರೆದೊಯ್ಯುವುದು ಹೇಗೆಂದು ತಿಳಿಯದು. ಇವುಗಳಲ್ಲಿ ಕೊನೆಯ ಎರಡು ಬಹುಮಟ್ಟಿಗೆ ಮಾಹಿತಿಯ ಕೊರತೆ. ಮೊದಲನೆಯದೊಂದೇ ನಿಜವಾದ ತೊಡಕು, ಅದಕ್ಕೂ ದಾರಿ ಇದೆ.

ಸೊಸೈಟಿಯ ಮಾತು ಮೊದಲು ಮುಗಿಸೋಣ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಯಾವ ಹೌಸಿಂಗ್ ಸೊಸೈಟಿಯೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ. ಸಭೆ ಕರೆದು ಬಹುಮತದಿಂದ ನಿರ್ಣಯ ಮಾಡಿದರೂ, ಬೈಲಾ ತಿದ್ದಿದರೂ ಆಗದು. ಲಿಫ್ಟಿನಲ್ಲಿ ಬರಬೇಡಿ ಎನ್ನುವುದಕ್ಕೂ, ಲಿಫ್ಟಿಗೆಂದು ಬೇರೆ ಹಣ ವಸೂಲು ಮಾಡುವುದಕ್ಕೂ ಅವಕಾಶವಿಲ್ಲ. ಆದರೆ ಹಕ್ಕು ಇದೆಯೆಂದು ಮೊದಲ ದಿನವೇ ಆ ಕಾಗದವನ್ನು ಸೆಕ್ರೆಟರಿಯ ಮುಂದೆ ಹಿಡಿದು ಜಗಳಕ್ಕೆ ನಿಲ್ಲುವುದು ಜಾಣತನವಲ್ಲ. ವರ್ಷಗಟ್ಟಲೆ ಅದೇ ಲಿಫ್ಟಿನಲ್ಲಿ ಓಡಾಡಬೇಕಾದವರು ನೀವು. ನಾಯಿಯ ಚುಚ್ಚುಮದ್ದಿನ ಪುಸ್ತಕ, ಮಹಾನಗರಪಾಲಿಕೆಯ ಲೈಸೆನ್ಸು ಎರಡರ ನಕಲನ್ನೂ ಕೇಳುವ ಮೊದಲೇ ಆಫೀಸಿಗೆ ಕೊಟ್ಟುಬಿಡಿ. ಬೇರೆ ಊರಿಗೆ ಹೋದರೆ ಹಳೆಯ ಲೈಸೆನ್ಸು ನಡೆಯದು, ಅಲ್ಲಿನ ಪಾಲಿಕೆಯಲ್ಲಿ ಹೊಸದಾಗಿ ಮಾಡಿಸಬೇಕು.

ಮನೆ ಮಾಲೀಕರ ವಿಷಯ ಹಾಗಲ್ಲ. ಮನೆ ಅವರದು, ಯಾರಿಗೆ ಬಾಡಿಗೆಗೆ ಕೊಡಬೇಕೆಂಬುದು ಅವರ ಇಷ್ಟ. ಕೆಲವು ಬ್ರೋಕರುಗಳು "ಈಗ ಹೇಳ್ಬೇಡಿ ಸಾಹೇಬ್ರೇ, ಒಳಗೆ ಹೋದ ಮೇಲೆ ನೋಡ್ಕೊಳ್ಳೋಣ" ಎಂದು ಸಲಹೆ ಕೊಡುತ್ತಾರೆ. ಖಂಡಿತ ಕೇಳಬೇಡಿ. ಬೆಕ್ಕನ್ನು ಮುಚ್ಚಿಟ್ಟು ಎಷ್ಟು ದಿನ ಇರುತ್ತೀರಿ? ಮೂರನೇ ತಿಂಗಳು ಗೊತ್ತಾದರೆ ಮನೆ ಖಾಲಿ ಮಾಡಿ ಎನ್ನುತ್ತಾರೆ, ಆಗ ಬೀದಿಗೆ ಬೀಳುವುದು ಬೆಕ್ಕೇ. ಮೊದಲ ಭೇಟಿಯಲ್ಲೇ ಹೇಳಿ. ಸಾಧ್ಯವಾದರೆ ಈಗಿನ ಮಾಲೀಕರಿಂದ ನಾಲ್ಕು ಸಾಲು ಬರೆಸಿಕೊಳ್ಳಿ: ಇವರ ನಾಯಿಯಿಂದ ನಮಗಾಗಲಿ ನೆರೆಯವರಿಗಾಗಲಿ ತೊಂದರೆಯಾಗಿಲ್ಲ, ಬಾಗಿಲು-ಗೋಡೆ ಸರಿಯಾಗಿವೆ ಎಂದು. ಇಂಥದೊಂದು ಚೀಟಿ ತೋರಿಸಿದಾಗ ಮನಸ್ಸು ಬದಲಿಸಿದ ಮಾಲೀಕರನ್ನು ನಾನು ಕಂಡಿದ್ದೇನೆ. ಒಪ್ಪಿದರೆ ಆ ಒಪ್ಪಿಗೆ ಕರಾರಿನಲ್ಲೇ ಒಂದು ಸಾಲಾಗಿ ಬರಲಿ. ಬಾಯಿಮಾತು ಮಾಲೀಕರ ಮಗ ಅಮೆರಿಕದಿಂದ ಬರುವ ತನಕ ಮಾತ್ರ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಾಕಿದ ಪ್ರಾಣಿಯನ್ನು ಹಸಿವು-ಬಾಯಾರಿಕೆಯಿಂದ ನರಳುವಂತೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ ಎಂದು ಬರೆದಿದೆ! ಅದಕ್ಕೆ ಹೆದರುವವರು ಯಾರೂ ಇಲ್ಲ. ಮನೆನಾಯಿ ಬೀದಿಗೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಒಮ್ಮೆ ನೋಡಿದವರು ಮಾತ್ರ ಹೆದರುತ್ತಾರೆ. ಬೀದಿನಾಯಿಗೆ ತನ್ನ ಗಡಿ ಗೊತ್ತು, ಯಾವ ಹೊಟೆಲಿನವನು ಎಷ್ಟು ಹೊತ್ತಿಗೆ ಅನ್ನ ಹಾಕುತ್ತಾನೆಂದು ಗೊತ್ತು, ರಸ್ತೆ ದಾಟುವುದು ಗೊತ್ತು. ಮನೆನಾಯಿಗೆ ಇದರಲ್ಲಿ ಒಂದೂ ಗೊತ್ತಿಲ್ಲ. ಬಿಟ್ಟುಹೋದ ಬಾಗಿಲ ಮುಂದೆಯೇ ಅದು ಕೂತಿರುತ್ತದೆ, ಅಲ್ಲಿಯ ನಾಯಿಗಳು ಬಂದು ಕಚ್ಚಿದರೂ ಏಳುವುದಿಲ್ಲ.

ಸರಿ, ಕರೆದೊಯ್ಯುವುದೆಂದು ತೀರ್ಮಾನವಾಯಿತು. ಸಾಮಾನು ಕಟ್ಟುವ ದಿನದ ಬಗ್ಗೆ ಒಂದೇ ಮಾತು. ಅಂದು ಮನೆಬಾಗಿಲು ದಿನವಿಡೀ ತೆರೆದೇ ಇರುತ್ತದೆ. ಗೊತ್ತಿಲ್ಲದ ಆರೆಂಟು ಜನ ಒಳಗೆ ಹೊರಗೆ ಓಡಾಡುತ್ತಾರೆ, ಮಂಚ ಬಿಚ್ಚುವ ಸದ್ದು, ಟೇಪು ಹರಿಯುವ ಸದ್ದು. ನಾಯಿ-ಬೆಕ್ಕುಗಳು ಕಳೆದುಹೋಗುವುದು ಹೆಚ್ಚಾಗಿ ಅವತ್ತೇ. ಬಾತ್‌ರೂಮನ್ನೋ ಒಂದು ಸಣ್ಣ ಕೋಣೆಯನ್ನೋ ಮೊದಲೇ ಖಾಲಿ ಮಾಡಿ, ನೀರು, ಹಾಸಿಗೆಯೊಡನೆ ಅದನ್ನು ಒಳಗಿಟ್ಟು, ಬಾಗಿಲ ಮೇಲೆ "ತೆರೆಯಬೇಡಿ" ಎಂದು ದೊಡ್ಡದಾಗಿ ಬರೆದು ಅಂಟಿಸಿ. ಕೂಲಿಯವರಿಗೆ ಕನ್ನಡ ಬರುವುದಿಲ್ಲ, ಹಿಂದಿಯಲ್ಲೂ ಬರೆಯಿರಿ. ಅದರ ಹಾಸಿಗೆ-ಚಾದರಗಳನ್ನು ಹೊಸ ಮನೆಗೆ ಹೋಗುತ್ತಿದ್ದೇವೆಂದು ಒಗೆಯಲು ಹೋಗಬೇಡಿ. ನಮಗೆ ಅದು ಕೊಳಕು ವಾಸನೆ, ಅದಕ್ಕೆ ಮನೆಯ ವಾಸನೆ. ಕೊರಳ ಪಟ್ಟಿಯಲ್ಲಿ ನಿಮ್ಮ ಚಾಲ್ತಿಯಲ್ಲಿರುವ ಫೋನ್ ನಂಬರ್ ಇದೆಯೇ ಎಂದು ಅಂದೇ ಬೆಳಿಗ್ಗೆ ಒಮ್ಮೆ ನೋಡಿ.

ದೂರದ ಊರಾದರೆ ನಮ್ಮವರು ಮೊದಲು ಕೇಳುವುದು ರೈಲು. ನಾಯಿಯನ್ನು ಸ್ಲೀಪರಿನಲ್ಲಿ, ಎ.ಸಿ. ಟೂ ಟಯರ್, ತ್ರೀ ಟಯರಿನಲ್ಲಿ ಒಯ್ಯುವಂತಿಲ್ಲ. ಫಸ್ಟ್ ಕ್ಲಾಸ್ ಎ.ಸಿ.ಯಲ್ಲಿ ಎರಡು ಬರ್ತಿನ ಕೂಪೆಯನ್ನಾಗಲಿ, ನಾಲ್ಕು ಬರ್ತಿನ ಕ್ಯಾಬಿನನ್ನಾಗಲಿ ಪೂರ್ತಿ ನಿಮ್ಮ ಹೆಸರಿಗೇ ಪಡೆದರೆ ಜೊತೆಯಲ್ಲೇ ಕೂರಿಸಿಕೊಳ್ಳಬಹುದು. ಇಬ್ಬರೇ ಹೊರಟಿದ್ದರೆ ಕೂಪೆಯೇ ಬೇಕೆಂದು ಮುಂಚಿತವಾಗಿ ಅರ್ಜಿ ಕೊಡಬೇಕು. ಸಿಕ್ಕಿತೋ ಇಲ್ಲವೋ ಎಂಬುದು ಚಾರ್ಟ್ ಆದಾಗಲೇ ತಿಳಿಯುವುದು, ಆದ್ದರಿಂದ ಇನ್ನೊಂದು ದಾರಿಯನ್ನೂ ಯೋಚಿಸಿಟ್ಟಿರಿ. ಸಿಕ್ಕಿದ ಮೇಲೆ ಟಿಕೆಟ್, ಚುಚ್ಚುಮದ್ದಿನ ದಾಖಲೆ, ಪಶುವೈದ್ಯರ ಸರ್ಟಿಫಿಕೇಟ್ ಹಿಡಿದು ಸಾಕಷ್ಟು ಮುಂಚೆ ಪಾರ್ಸೆಲ್ ಆಫೀಸಿಗೆ ಹೋಗಿ ನಾಯಿಯನ್ನೂ ಬುಕ್ ಮಾಡಬೇಕು. ಬುಕ್ ಮಾಡದೆ ಸಿಕ್ಕಿಬಿದ್ದರೆ ಆರು ಪಟ್ಟು ದರ. ಇನ್ನು ಉಳಿಯುವುದು ಗಾರ್ಡ್ ಡಬ್ಬಿಯಲ್ಲಿರುವ ನಾಯಿಪೆಟ್ಟಿಗೆ. (ಗಾರ್ಡ್ ಎಂಬ ಹುದ್ದೆಗೆ 2022ರಿಂದ ಟ್ರೇನ್ ಮ್ಯಾನೇಜರ್ ಎಂದು ಹೆಸರಾಗಿದೆ, ಪೆಟ್ಟಿಗೆಯ ಹೆಸರು ಹಾಗೆಯೇ ಇದೆ.) ಕತ್ತಲು, ಕಬ್ಬಿಣ, ಗಡಗಡ ಸದ್ದು. ನಿಲ್ದಾಣ ಬಂದಾಗೆಲ್ಲ ಇಳಿದು ಓಡಿಹೋಗಿ ನೀರು ಕೊಡುವ ಹೊಣೆ ನಿಮ್ಮದೇ. ಬೇಸಿಗೆಯಲ್ಲಿ ಅದರಲ್ಲಿ ಹಾಕಬೇಡಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ವಿಮಾನದಲ್ಲಿ ಏರ್ ಇಂಡಿಯಾ ಹಿಂದಿನಿಂದಲೂ, ಆಕಾಸಾ ಏರ್ 2022ರ ನವೆಂಬರಿನಿಂದಲೂ ಸಣ್ಣ ನಾಯಿ-ಬೆಕ್ಕುಗಳನ್ನು ಕ್ಯಾಬಿನ್ನಿಗೇ ಬಿಡುತ್ತಿವೆ. ತೂಕದ ಮಿತಿ ಆಗಾಗ ಬದಲಾಗುತ್ತದೆ, ಮತ್ತು ಅದು ಚೀಲವೂ ಸೇರಿದ ತೂಕ. ಆದ್ದರಿಂದ ಟಿಕೆಟ್ ತೆಗೆಯುವ ಮುನ್ನ ಫೋನ್ ಮಾಡಿ ಕೇಳಿ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನವು ಮೊದಲೇ ಕಷ್ಟಪಟ್ಟು ಉಸಿರಾಡುತ್ತವೆ, ಅವನ್ನು ಕೆಳಗಿನ ಸರಕಿನ ಭಾಗದಲ್ಲಿ ಕಳಿಸುವುದು ಅಪಾಯ. ಸುಮ್ಮನೆ ಮಲಗಿರಲಿ ಎಂದು ಯಾರೋ ಹೇಳಿದ ನಿದ್ದೆ ಮಾತ್ರೆ ಕೊಡುವುದು ಅದಕ್ಕಿಂತ ದೊಡ್ಡ ಅಪಾಯ. ಮತ್ತಿನಲ್ಲಿರುವ ಪ್ರಾಣಿಗೆ ಮೈಬಿಸಿಯನ್ನು ಹದದಲ್ಲಿಟ್ಟುಕೊಳ್ಳಲು ಆಗದು. ರೈಲಾಗಲಿ, ರಸ್ತೆಯಾಗಲಿ, ವಿಮಾನವಾಗಲಿ, ಪ್ರಯಾಣಕ್ಕೆ ಯೋಗ್ಯ ಎಂಬ ವೈದ್ಯರ ಸರ್ಟಿಫಿಕೇಟ್ ಬೇಕೆಂದು 1978ರ ಪ್ರಾಣಿ ಸಾಗಾಣಿಕೆ ನಿಯಮಗಳೇ ಹೇಳುತ್ತವೆ. ದಿನ ತುಂಬಿದ ಗಬ್ಬದ ನಾಯಿ-ಬೆಕ್ಕನ್ನು ಸಾಗಿಸುವಂತಿಲ್ಲ ಎಂದೂ ಅದರಲ್ಲಿದೆ.

ಸ್ವಂತ ಕಾರಿದ್ದರೆ ಎಲ್ಲಕ್ಕಿಂತ ಒಳ್ಳೆಯದು. 2022ರಲ್ಲಿ "777 ಚಾರ್ಲಿ" ಚಿತ್ರ ಬಂದ ಮೇಲೆ ನಾಯಿಯೊಡನೆ ದೂರ ಪ್ರಯಾಣ ಹೋಗಬೇಕೆಂಬ ಆಸೆ ಎಷ್ಟೋ ಹುಡುಗರಿಗೆ ಬಂದಿದೆ. ಸಂತೋಷವೇ, ಆದರೆ ಪುಣೆ-ಬೆಂಗಳೂರು ಹೆದ್ದಾರಿಯ ಮೇ ತಿಂಗಳ ಬಿಸಿಲು ಸಿನಿಮಾ ಅಲ್ಲ. ನಸುಕಿನಲ್ಲೇ ಹೊರಡಿ. ಹೊರಡುವ ನಾಲ್ಕೈದು ಗಂಟೆ ಮೊದಲೇ ಊಟ ಮುಗಿದಿರಲಿ, ಇಲ್ಲವಾದರೆ ಸೀಟಿನ ಮೇಲೆ ವಾಂತಿ ಖಂಡಿತ. ತಿಂಡಿಗೆಂದು ನಿಲ್ಲಿಸಿದಾಗ ನಾಯಿಯನ್ನು ಕಾರಿನಲ್ಲೇ ಬಿಟ್ಟು ಎಲ್ಲರೂ ಇಳಿದುಹೋಗಬೇಡಿ. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಬಿಸಿ ಏರುತ್ತದೆ. ನಮ್ಮಂತೆ ಮೈಯೆಲ್ಲ ಬೆವರಿ ತಂಪಾಗುವುದು ನಾಯಿಗೆ ಸಾಧ್ಯವಿಲ್ಲ, ನಾಲಿಗೆ ಚಾಚಿ ಏದುಸಿರು ಬಿಡುವುದೊಂದೇ ಅದಕ್ಕಿರುವ ಉಪಾಯ. ಮಸಾಲೆದೋಸೆ ತಿಂದು ಬರುವಷ್ಟರಲ್ಲಿ ಪ್ರಾಣ ಹೋದದ್ದಿದೆ.

ಈಗ ನಮ್ಮ ಮುಂಬಯಿಯಲ್ಲೇ ಆಗುತ್ತಿರುವ ಒಂದು ಬದಲಾವಣೆಯ ಮಾತು. ಊರು ಬಿಟ್ಟು ಊರಿಗೆ ಹೋಗುವುದಕ್ಕಿಂತ ಇದು ಹೆಚ್ಚು ಕಷ್ಟದ್ದೆಂದು ನನ್ನ ಅನುಭವ. ಪರೇಲ್, ಲಾಲ್‌ಬಾಗ್, ವರ್ಳಿ ಕಡೆಯ ಹಳೆಯ ಚಾಳುಗಳು ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಬದುಕೆಲ್ಲ ಒಂದೇ ಖೋಲಿಯಲ್ಲಿ ಕಳೆದವರು ಇದ್ದಕ್ಕಿದ್ದಂತೆ ಹದಿನೇಳನೇ ಮಹಡಿಗೆ ಹೋಗಿ ಕೂರುತ್ತಾರೆ. ಅವರೊಡನೆ ಅವರ ನಾಯಿಯೂ.

ಉತ್ತರ ಕನ್ನಡದ ಕಡೆಯ ಹಿರಿಯರೊಬ್ಬರು ಹೀಗೆಯೇ ಟವರಿಗೆ ಹೋದ ಎರಡನೇ ದಿನ ತಮ್ಮ ರಾಜುವನ್ನು ಎತ್ತಿಕೊಂಡು ಬಂದರು. ಹದಿಮೂರು ವರ್ಷದ ನಾಟಿ ನಾಯಿ, ಒಂದು ಕಣ್ಣಿಗೆ ಪೊರೆ ಬಂದಿತ್ತು. "ಡಾಕ್ಟ್ರೇ, ನಿನ್ನೆ ಬೆಳಿಗ್ಗೆಯಿಂದ ಒಂದು ಹನಿ ಉಚ್ಚೆ ಹೊಯ್ದಿಲ್ಲ, ಕಿಡ್ನಿ ಹೋಯ್ತೋ ಏನೋ" ಎಂದರು. ಹೊಟ್ಟೆ ಮುಟ್ಟಿ ನೋಡಿದರೆ ಮೂತ್ರಕೋಶ ಕಲ್ಲಿನಂತೆ ಬಿಗಿದಿತ್ತು. ಕೊಳವೆ ಹಾಕಿ ತೆಗೆದೆವು. ಕಿಡ್ನಿಗೆ ಏನೂ ಆಗಿರಲಿಲ್ಲ. ರಾಜು ಹದಿಮೂರು ವರ್ಷ ಚಾಳಿನ ನಲ್ಲಿಯ ಪಕ್ಕದ ಒಂದೇ ಒಂದು ಕಂಬಕ್ಕೆ ಕಾಲೆತ್ತಿದವನು. ಟವರಿನ ಕೆಳಗೆ ಎಲ್ಲಿ ನೋಡಿದರೂ ನುಣುಪು ಗ್ರಾನೈಟು. ಕಾಲೆತ್ತಿದರೆ ಸೆಕ್ಯುರಿಟಿಯವನ ಸೀಟಿ. ಜೊತೆಗೆ ಲಿಫ್ಟಿನ ಭಯ. ಕಾಲಡಿಯ ನೆಲ ನಡುಗುತ್ತದೆ, ಬಾಗಿಲು ತಾನಾಗಿ ಮುಚ್ಚುತ್ತದೆ, ಕಿವಿಗೆ ಏನೋ ಆಗುತ್ತದೆ. ಬಾಗಿಲು ತೆರೆದಾಗ ಲೋಕವೇ ಬೇರೆಯಾಗಿರುತ್ತದೆ!

ಔಷಧ ಬರೆಯುವಂಥದ್ದೇನೂ ಇರಲಿಲ್ಲ. ಹಳೆಯ ಚಾಳು ಇನ್ನೂ ಕೆಡವಿರಲಿಲ್ಲ. ಆ ಕಂಬದ ಬುಡದ ಮಣ್ಣನ್ನು ಒಂದು ಚೀಲದಷ್ಟು ತಂದು ಅಗಲವಾದ ತಟ್ಟೆಯಲ್ಲಿ ಹಾಕಿ ಬಾಲ್ಕನಿಯಲ್ಲಿಡಲು ಹೇಳಿದೆ. ಮೊಮ್ಮಗಳು ಸ್ಕೂಟರಿನಲ್ಲಿ ಹೋಗಿ ತಂದಳು. ಅಂದು ರಾತ್ರಿಯೇ ರಾಜು ಮೂಸಿ ನೋಡಿ ಕಾಲೆತ್ತಿದ. ಆಮೇಲೆ ಅದೇ ಮಣ್ಣನ್ನು ಒಂದೊಂದು ಹಿಡಿ ಕೆಳಗಿನ ಗಿಡಗಳ ಬಳಿ ಹಾಕುತ್ತ ಬಂದರು. ಲಿಫ್ಟಿಗೆ ಬೇರೆ ಪಾಠ: ಜನರಿಲ್ಲದ ಮಧ್ಯಾಹ್ನದ ಹೊತ್ತು ಒಂದೇ ಮಹಡಿ ಇಳಿಯುವುದು, ಒಂದು ಬಿಸ್ಕತ್ತಿನ ಚೂರು, ವಾಪಸು. ಮರುದಿನ ಎರಡು ಮಹಡಿ. ಲಿಫ್ಟಿನೊಳಗೆ ನಾಯಿ ಮೂಲೆಯಲ್ಲಿ, ನೀವು ಅದರ ಮುಂದೆ, ಹಗ್ಗ ಗಿಡ್ಡ. ನಾಯಿ ಕಂಡರೆ ಹೆದರುವವರು ನಿಂತಿದ್ದರೆ ಅವರು ಮೊದಲು ಹೋಗಲಿ. ಸೊಸೈಟಿಯ ಅರ್ಧ ಜಗಳ ಇಷ್ಟರಿಂದಲೇ ನಿಲ್ಲುತ್ತದೆ.

ಇನ್ನರ್ಧ ಜಗಳ ಬೊಗಳುವುದರದ್ದು. ಚಾಳಿನಲ್ಲಿ ಬಾಗಿಲು ಹಗಲೆಲ್ಲ ತೆರೆದಿರುತ್ತಿತ್ತು, ಗ್ಯಾಲರಿಯಲ್ಲಿ ಹತ್ತು ಮನೆಯವರು ಮಾತಾಡಿಸುತ್ತಿದ್ದರು. ಟವರಿನಲ್ಲಿ ಎಲ್ಲರೂ ಕೆಲಸಕ್ಕೆ ಹೋದರೆ ನಾಯಿಗೆ ನಾಲ್ಕು ಗೋಡೆ. ಒಂಟಿಯಾಗಿರುವುದನ್ನೂ ಕಲಿಸಬೇಕು, ಮನೆ ಬದಲಿಸುವ ತಿಂಗಳ ಮೊದಲೇ ಶುರುಮಾಡಿ. ಐದು ನಿಮಿಷ ಬಿಟ್ಟು ಹೋಗಿ ಬನ್ನಿ, ಮತ್ತೆ ಹತ್ತು, ಮತ್ತೆ ಅರ್ಧ ಗಂಟೆ. ಮುದಿ ನಾಯಿಗೆ ಕಣ್ಣು ಕಾಣದಿದ್ದರೆ ಹೊಸ ಮನೆಯಲ್ಲಿ ಸೋಫಾ, ನೀರಿನ ಬಟ್ಟಲು, ಅದರ ಹಾಸಿಗೆ ಎಲ್ಲವೂ ಹಳೆಯ ಮನೆಯ ಅಂದಾಜಿನಲ್ಲೇ ಇರಲಿ, ಮತ್ತು ಒಮ್ಮೆ ಇಟ್ಟದ್ದನ್ನು ಸರಿಸಬೇಡಿ. ನುಣುಪಾದ ಟೈಲ್ಸ್ ಮೇಲೆ ಅದರ ಹಿಂಗಾಲು ಜಾರುತ್ತದೆ. ಮಲಗುವ ಜಾಗದಿಂದ ನೀರಿನ ಬಟ್ಟಲಿನ ತನಕ ಹಳೆಯ ಚಾಪೆ ಹಾಸಿದರೂ ಸಾಕು.

ಬೆಕ್ಕಿನ ಕತೆ ಬೇರೆ. ಅದಕ್ಕೆ ನಾವು ಮುಖ್ಯವೋ ಮನೆ ಮುಖ್ಯವೋ ಎಂದರೆ ಮನೆಯೇ ಎನ್ನಬೇಕು. ಊರಲ್ಲಿ ಕಾಟ ಕೊಡುವ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬರುತ್ತಿದ್ದರು, ಬಿಡಲು ಹೋದವನಿಗಿಂತ ಮುಂಚೆ ಬೆಕ್ಕೇ ಮನೆ ಸೇರಿರುತ್ತಿತ್ತು. ಹೊಸ ಮನೆಯಲ್ಲಿ ಅದನ್ನು ಮೊದಲು ಒಂದೇ ಕೋಣೆಯಲ್ಲಿಡಿ, ಮಣ್ಣಿನ ತಟ್ಟೆ ಒಂದು ಮೂಲೆಗೆ, ಊಟ ದೂರದ ಇನ್ನೊಂದು ಮೂಲೆಗೆ. ಅಡಗಲು ಒಂದು ಖಾಲಿ ರಟ್ಟಿನ ಡಬ್ಬಿ. ಮನೆ ಬದಲಿಸಿದ ದಿನ ಅದಕ್ಕೇನೂ ಬರವಿಲ್ಲ. ಹಳೆಯ ಮನೆಯಲ್ಲೇ ಒಂದು ಮೆತ್ತಗಿನ ಬಟ್ಟೆಯಿಂದ ಅದರ ಕೆನ್ನೆ ಒರೆಸಿಟ್ಟುಕೊಂಡು, ಆ ಬಟ್ಟೆಯನ್ನು ಹೊಸ ಕೋಣೆಯ ಬಾಗಿಲ ಅಂಚಿಗೆ, ಮಂಚದ ಕಾಲಿಗೆ ಬೆಕ್ಕಿನ ಎತ್ತರದಲ್ಲಿ ತೀಡಿ. ಕೆನ್ನೆಯ ವಾಸನೆ ಬೆಕ್ಕಿಗೆ ತನ್ನ ಮನೆಯ ಗುರುತು. ಒಂದು ದಿನ ಊಟ ಬಿಟ್ಟರೆ ಗಾಬರಿ ಬೇಡ. ಎರಡು ದಿನವಾದರೆ ವೈದ್ಯರಿಗೆ ತೋರಿಸಿ, ದಪ್ಪ ಬೆಕ್ಕುಗಳಿಗೆ ಉಪವಾಸದಿಂದ ಲಿವರ್ ಕೆಡುತ್ತದೆ. ಹೊರಗೆ ತಿರುಗುವ ಬೆಕ್ಕಾದರೂ ಮೂರು ವಾರ ಹೊರಗೆ ಬಿಡಬೇಡಿ. ಹಳೆಯ ನೆರೆಯವರ ಹತ್ತಿರ ನಿಮ್ಮ ನಂಬರ್ ಇರಲಿ, ಹತ್ತಿರದ ಮನೆಯಾದರೆ ಅದು ಅಲ್ಲಿಗೇ ಹೋಗಿ ಕೂತಿರುವ ಸಂಭವ ಹೆಚ್ಚು.

ಎತ್ತರದ ಮನೆಯಾದರೆ ಬಾಲ್ಕನಿ, ಕಿಟಕಿಗಳಿಗೆ ಗಟ್ಟಿ ಜಾಲರಿ ಹಾಕಿಸಿದ ಮೇಲೆಯೇ ಬೆಕ್ಕು ಒಳಗೆ ಬರಲಿ. ಬೆಕ್ಕಿಗೆ ಒಂಬತ್ತು ಜನ್ಮ ಎಂಬ ಮಾತನ್ನು ನಂಬಿ ಕೂರಬೇಡಿ. 1987ರಲ್ಲಿ ನ್ಯೂಯಾರ್ಕಿನ ಇಬ್ಬರು ಪಶುವೈದ್ಯರು ಮಹಡಿಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ವಿವರ ಪ್ರಕಟಿಸಿದರು. ನೂರಕ್ಕೆ ತೊಂಬತ್ತು ಬದುಕಿದವು ಎಂದು ಅದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಆಸ್ಪತ್ರೆಯ ತನಕ ಬರದೆ ಕೆಳಗೇ ಸತ್ತವು ಆ ಲೆಕ್ಕದಲ್ಲಿ ಸೇರಿರಲಾರವು ಎಂಬುದನ್ನು ಯಾರೂ ಹೇಳುವುದಿಲ್ಲ. ಪಾರಿವಾಳಕ್ಕೆಂದು ಕಟ್ಟುವ ತೆಳು ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ಹರಿಯಬಲ್ಲದು.

ಖಾಲಿ ಇದ್ದ ಮನೆಗೆ ಹೋಗುವವರು ಒಂದು ಕೆಲಸ ಮರೆಯದೆ ಮಾಡಬೇಕು. ಮಾಳಿಗೆಯ ಮೇಲೆ, ಸಿಂಕಿನ ಕೆಳಗೆ, ಗ್ಯಾಸ್ ಕಟ್ಟೆಯ ಹಿಂದೆ ಬ್ಯಾಟರಿ ಹಾಕಿ ನೋಡಿ. ಹಿಂದಿದ್ದವರು ಇಟ್ಟ ಇಲಿಪಾಷಾಣದ ಬಿಲ್ಲೆಗಳು ಅಲ್ಲಿರುತ್ತವೆ. ತಿಂದ ದಿನ ನಾಯಿ ಚೆನ್ನಾಗಿಯೇ ಇರುತ್ತದೆ. ಮೂರರಿಂದ ಐದು ದಿನಕ್ಕೆ ಒಸಡಿನಲ್ಲಿ, ಮೂಗಿನಲ್ಲಿ ರಕ್ತ, ಸುಸ್ತು. ಹೊಸ ಜಾಗಕ್ಕೆ ಒಗ್ಗಿಲ್ಲ ಎಂದು ಮನೆಯವರು ಅಂದುಕೊಂಡಿರುತ್ತಾರೆ. ಬೇಗ ತಂದರೆ ವಿಟಮಿನ್ ಕೆ ಕೊಟ್ಟು ಉಳಿಸಬಹುದು. ಕಪ್ಪು ಫಿನಾಯಿಲ್ ಹಾಕಿ ನೆಲ ತೊಳೆಯುವುದೂ ಬೆಕ್ಕಿಗೆ ವಿಷ, ಒದ್ದೆ ನೆಲದಲ್ಲಿ ನಡೆದು ಕಾಲು ನೆಕ್ಕಿಕೊಳ್ಳುತ್ತದೆ. ಕಪಾಟಿನ ನುಸಿಗುಳಿಗೆಗಳೂ, ಇಲ್ಲಿನವರ ಡಾಂಬರ್ ಗೋಳಿ, ಅಷ್ಟೇ ಅಪಾಯ.

ಗೃಹಪ್ರವೇಶದ ದಿನ ಹೋಮದ ಹೊಗೆ, ನೂರು ಜನ, ಕೆಲವರ ಮನೆಗೆ ಹಸು ಬೇರೆ ಬರುತ್ತದೆ. ಅಂದು ನಾಯಿಯನ್ನು ನೆಂಟರ ಮನೆಯಲ್ಲಿ ಬಿಡಿ. ಹಸುವೂ ನಾಯಿಯೂ ಎದುರುಬದುರಾದ ಒಂದು ಗೃಹಪ್ರವೇಶ ನಾನು ನೋಡಿದ್ದೇನೆ, ಪುರೋಹಿತರು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು.

ಮೀನು ಸಾಕಿದವರಿಗೆ ಇಷ್ಟೇ: ತೊಟ್ಟಿಯ ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆಯಬೇಡಿ, ಒಣಗಲೂ ಬಿಡಬೇಡಿ. ನೀರು ಶುದ್ಧ ಮಾಡುವ ಸೂಕ್ಷ್ಮಜೀವಿಗಳು ಅದರಲ್ಲೇ ಇರುವುದು. ಹಳೆಯ ನೀರಲ್ಲೇ ಅದ್ದಿ ಒಯ್ಯಿರಿ. ಇನ್ನು ಪಂಜರದ ಹಸಿರು ಗಿಣಿಯನ್ನೋ ನಕ್ಷತ್ರ ಆಮೆಯನ್ನೋ ಹೇಗೆ ಒಯ್ಯುವುದೆಂದು ಕೇಳುವವರಿದ್ದಾರೆ. ಅವನ್ನು ಮನೆಯಲ್ಲಿಡುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ಅರಣ್ಯ ಇಲಾಖೆಗೆ ಒಪ್ಪಿಸಿ. ಕಿಟಕಿ ತೆಗೆದು ಹಾರಿಬಿಟ್ಟರೆ, ರೆಕ್ಕೆ ಮರೆತ ಗಿಣಿ ಕಾಗೆಗಳ ಪಾಲಾಗುತ್ತದೆ.

ಕೊನೆಯದಾಗಿ ಚಾಳಿನ ಅಂಗಳದ ಬೆಕ್ಕುಗಳು, ಗೇಟಿನ ನಾಯಿಗಳು. ಇವು ಯಾರ ಮನೆಯವೂ ಅಲ್ಲ, ಎಲ್ಲರ ಮನೆಯ ಅನ್ನ ತಿಂದವು. ಕಟ್ಟಡ ಖಾಲಿಯಾದ ಮೇಲೆ ಪತ್ರೆ ತಗಡು ಬಡಿದು ಗೇಟು ಮುಚ್ಚುತ್ತಾರೆ, ಬುಲ್‌ಡೋಜರ್ ಬರುತ್ತದೆ. ಮರಿ ಹಾಕಿದ ಬೆಕ್ಕು ಎಲ್ಲೋ ಮೆಟ್ಟಿಲ ಕೆಳಗಿರುತ್ತದೆ. ಕಮಿಟಿಯವರು ಬಿಲ್ಡರಿನೊಡನೆ ಹತ್ತಾರು ಸಲ ಕೂತು ಕಾರ್ಪಸ್ ಹಣ, ಬಾಡಿಗೆ ಎಲ್ಲ ಮಾತಾಡುತ್ತೀರಿ. ಅದರಲ್ಲಿ ಒಂದು ಸಲ ಐದು ನಿಮಿಷ ಇದನ್ನೂ ಎತ್ತಿ: ಕೆಡವುವ ಹಿಂದಿನ ದಿನ ಒಳಗೆ ನೋಡಿ ಬರಲು ನಮ್ಮ ಇಬ್ಬರನ್ನು ಬಿಡಬೇಕು, ಗೇಟಿನ ಬಳಿ ಅನ್ನ ಹಾಕುವವರನ್ನು ತಡೆಯಬಾರದು. ಮರಿಗಳೋ ಗಾಯಗೊಂಡವೋ ಸಿಕ್ಕಿದರೆ ಪರೇಲಿನಲ್ಲೇ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆ ಇದೆ, ಹತ್ತೊಂಬತ್ತನೆಯ ಶತಮಾನದಿಂದ ಪ್ರಾಣಿಗಳನ್ನು ನೋಡುತ್ತಿದೆ. ಎರಡು ಕಿಲೋಮೀಟರ್ ದೂರ ಬಾಡಿಗೆ ಮನೆಗೆ ಹೋದವರು ವಾರಕ್ಕೊಬ್ಬರಂತೆ ಸರದಿ ಹಾಕಿಕೊಂಡು ಹಳೆಯ ಗೇಟಿಗೆ ಬಂದು ಅನ್ನ ಹಾಕಿ ಹೋಗುವುದನ್ನು ಲಾಲ್‌ಬಾಗಿನಲ್ಲಿ ನೋಡಿದ್ದೇನೆ. ಮೂರನೇ ವರ್ಷವೂ ನಡೆಯುತ್ತಿತ್ತು.